ಏದುಸಿರು ಬಿಡುವ ಮಗುವಿನ ಒಂದು ನಿಮಿಷದ ವಿಡಿಯೋ

ಮಗುವಿಗೆ ಕೆಮ್ಮಿನ ಜೊತೆ ಏದುಸಿರು ಇದೆ ಅನಿಸಿದರೆ, ಆಸ್ಪತ್ರೆಗೆ ಹೊರಡುವಾಗ ಅಂಗಿ ಮೇಲೆತ್ತಿ, ಎದೆ ಹೊಟ್ಟೆ ಎರಡೂ ಕಾಣುವಂತೆ ಪೂರ್ತಿ ಒಂದು ನಿಮಿಷ ವಿಡಿಯೋ ಮಾಡಿಕೊಳ್ಳಿ. ನಿದ್ದೆಯಲ್ಲಿದ್ದಾಗ ಅಥವಾ ಮಡಿಲಲ್ಲಿ ಸುಮ್ನೆ ಇದ್ದಾಗ ಮಾಡಿದರೆ ಒಳ್ಳೆಯದು. ಎಮರ್ಜೆನ್ಸಿ ವಾರ್ಡಿನಲ್ಲಿ ಸ್ಟೆತಸ್ಕೋಪ್ ಕಂಡ ಕೂಡಲೇ ಅಳು ಶುರು ಅಲ್ವಾ, ಅಳುವಾಗ ಎಣಿಸಿದ ಉಸಿರಿನ ಲೆಕ್ಕ ನಂಬೋಕಾಗಲ್ಲ. ವಿಡಿಯೋ ನೋಡಿ ಉಸಿರು ಎಣಿಸುವಾಗ ಪೂರ್ತಿ ನಿಮಿಷ ಎಣಿಸಿ, 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಪುಟ್ಟ ಮಕ್ಕಳ ಉಸಿರು ಒಂದೇ ಸಮ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2 ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, 2ರಿಂದ 12 ತಿಂಗಳಿಗೆ 50, ಅಲ್ಲಿಂದ 5 ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ಇದ್ದರೆ ಅದು ವೇಗದ ಉಸಿರಾಟ. ಎಣಿಕೆಗಿಂತ ನನಗೆ ಮುಖ್ಯ ಅನಿಸುವುದು ಪಕ್ಕೆಲುಬಿನ ಕೆಳಭಾಗ. ಉಸಿರು ಎಳೆದಾಗಲೆಲ್ಲ ಅಲ್ಲಿ ಗುಳಿ ಬೀಳುತ್ತಿದ್ದರೆ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ. ಜ್ವರ ಏರಿದಾಗ ಉಸಿರೂ ಏರುತ್ತದೆ, ಹಾಗಾಗಿ ವಿಡಿಯೋ ಮಾಡಿದಾಗ ಜ್ವರ ಎಷ್ಟಿತ್ತು ಎಂದೂ ಹೇಳಿ. ಲೆಕ್ಕ ಕಡಿಮೆ ಬಂತು ಅಂತ ನಿರಾಳವಾಗಬೇಡಿ, ಸುಸ್ತಾದ ಮಗುವಿನ ಉಸಿರು ನಿಧಾನವಾಗುವುದು ಇನ್ನೂ ಕೆಟ್ಟ ಸೂಚನೆ. ತುಟಿ ನೀಲಿಯಾಗಿದ್ದರೆ, ಹಾಲು ಕುಡಿಯಲೂ ಆಗದಿದ್ದರೆ, ಎಬ್ಬಿಸಿದರೂ ಏಳದಿದ್ದರೆ ವಿಡಿಯೋ ಗಿಡಿಯೋ ಬೇಡ, 108ಕ್ಕೆ ಫೋನ್ ಮಾಡಿ. ಬೆಂಗಳೂರಿನಲ್ಲಿದ್ದರೆ, ಮಾಮೂಲಿ ಡಾಕ್ಟರು ಜಯನಗರದಲ್ಲಿದ್ದಾರೆ ಅಂತ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ದಾಟಿಕೊಂಡು ಹೋಗಬೇಡಿ, ಮಕ್ಕಳ ಎಮರ್ಜೆನ್ಸಿ ಇರುವ ಹತ್ತಿರದ ಆಸ್ಪತ್ರೆಗೇ ಹೋಗಿ.