ಸಂಶ್ಲೇಷಿತ ಭಾಗಾಕಾರ: ಸಹಗುಣಕಗಳಷ್ಟೇ ಸಾಕು

ಬಹುಪದೋಕ್ತಿಯನ್ನು ಭಾಗಿಸುವಾಗ ಭಾಜಕ ಕ್ಷ − 2, ಕ್ಷ + 5 ಇಂಥ ಒಂದನೇ ಘಾತದ್ದಾಗಿದ್ದರೆ ದೀರ್ಘ ಭಾಗಾಕಾರದ ಗೋಜು ಬೇಡ. ಸಹಗುಣಕಗಳನ್ನಷ್ಟೇ, ಅಂದರೆ ಪ್ರತಿ ಪದದ ಸಂಖ್ಯಾಭಾಗವನ್ನಷ್ಟೇ, ಇಟ್ಟುಕೊಂಡು ಮೂರು ಸಾಲಿನಲ್ಲಿ ಲೆಕ್ಕ ಮುಗಿಯುತ್ತದೆ.

2ಕ್ಷ⁴ − 5ಕ್ಷ³ + 7ಕ್ಷ − 4 ಅನ್ನು ಕ್ಷ − 2 ರಿಂದ ಭಾಗಿಸೋಣ. ಮೊದಲು ಘಾತಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ. ಇಲ್ಲಿ ಕ್ಷ² ಪದವಿಲ್ಲ, ಅದರ ಜಾಗದಲ್ಲಿ 0 ಬರೆಯಲೇಬೇಕು. ಎಡಗಡೆ ಇಡುವುದು ಭಾಜಕವನ್ನು ಸೊನ್ನೆ ಮಾಡುವ ಬೆಲೆ, ಅಂದರೆ 2.

2 | 2  −5  0  7  −4
  |     4  −2  −4  6
    2  −1  −2  3 | 2

ಮೊದಲ ಸಹಗುಣಕ 2 ಹಾಗೆಯೇ ಕೆಳಗಿಳಿಯುತ್ತದೆ. ಅದನ್ನು ಎಡಗಡೆಯ 2 ರಿಂದ ಗುಣಿಸಿ, ಬಂದ 4 ಅನ್ನು −5 ರ ಕೆಳಗೆ ಬರೆದು ಕೂಡಿಸಿದರೆ −1. ಅದನ್ನು ಮತ್ತೆ 2 ರಿಂದ ಗುಣಿಸಿ ಮುಂದಿನದಕ್ಕೆ ಕೂಡಿಸಿ, ಕೊನೆಯವರೆಗೂ ಇಷ್ಟೇ. ಕಡೆಯ 2 ಶೇಷ. ಉಳಿದವು ಭಾಗಲಬ್ಧದ ಸಹಗುಣಕಗಳು, ಘಾತ ಒಂದು ಕಡಿಮೆ: 2ಕ್ಷ³ − ಕ್ಷ² − 2ಕ್ಷ + 3.

ದೀರ್ಘ ಭಾಗಾಕಾರದಲ್ಲಿ ಕಳೆಯುತ್ತೇವೆ, ಇಲ್ಲಿ ಕೂಡಿಸುತ್ತೇವೆ. −2 ರ ಬದಲು +2 ಇಟ್ಟಾಗಲೇ ಚಿಹ್ನೆ ಬದಲಾಗಿರುವುದರಿಂದ ಮತ್ತೆ ಕಳೆಯಬೇಕಿಲ್ಲ. ಭಾಜಕ ಕ್ಷ + 5 ಆಗಿದ್ದರೆ ಎಡಗಡೆ −5 ಬರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನೊಂದು ತಪ್ಪು ಆ 0 ಅನ್ನು ಮರೆಯುವುದು. ಆಗ ಶೇಷ 6 ಬರುತ್ತದೆ. ಹೆಜ್ಜೆಗಳನ್ನು ಎಷ್ಟು ಸಲ ತಿರುಗಿ ನೋಡಿದರೂ ತಪ್ಪು ಸಿಗದು, ಏಕೆಂದರೆ ಭಾಗಾಕಾರ ಸರಿಯಾಗಿಯೇ ಇದೆ. ಭಾಗಿಸಿದ್ದು ಮಾತ್ರ 2ಕ್ಷ³ − 5ಕ್ಷ² + 7ಕ್ಷ − 4 ಎಂಬ ಬೇರೆ ಬಹುಪದೋಕ್ತಿಯನ್ನು.

ತಾಳೆ ನೋಡಲು ಶೇಷ ಪ್ರಮೇಯವಿದೆ, ಅಂದರೆ ಎಡಗಡೆಯ ಬೆಲೆಯನ್ನು ಭಾಜ್ಯದಲ್ಲಿ ಹಾಕಿದರೆ ಶೇಷವೇ ಬರುತ್ತದೆ: ಕ್ಷ = 2 ಹಾಕಿದರೆ 32 − 40 + 14 − 4 = 2. ಆದರೆ ಚಿಹ್ನೆ ತಪ್ಪಿ −2 ಇಟ್ಟು, ತಾಳೆಯನ್ನೂ −2 ರಿಂದಲೇ ನೋಡಿದರೆ ಎರಡೂ ಹೊಂದಿಬಿಡುತ್ತವೆ! ಹಾಗಾಗಿ ಕ್ಷ = 1 ಹಾಕಿಯೂ ನೋಡುವುದು ಲೇಸು. ಭಾಜ್ಯ 2 − 5 + 7 − 4 = 0; ಭಾಜಕ × ಭಾಗಲಬ್ಧ + ಶೇಷ = (−1)(2) + 2 = 0.

ಭಾಜಕ 2ಕ್ಷ − 3 ಆದರೆ? ಎಡಗಡೆ 3/2 ಇಡಿ. 2ಕ್ಷ³ − ಕ್ಷ² − 7ಕ್ಷ + 8 ಕ್ಕೆ ಕೆಳಸಾಲು 2, 2, −4, 2 ಎಂದು ಬರುತ್ತದೆ. ಮೊದಲ ಮೂರನ್ನು ಭಾಜಕದ ಕ್ಷ ಪದದ ಸಹಗುಣಕ 2 ರಿಂದ ಭಾಗಿಸಿದರೆ ಭಾಗಲಬ್ಧ ಕ್ಷ² + ಕ್ಷ − 2. ಶೇಷ 2 ಅನ್ನು ಮುಟ್ಟಬೇಡಿ, ಅದು ಹಾಗೆಯೇ ಇರಲಿ.

ಭಾಜಕ ಕ್ಷ² + 1 ರಂಥದ್ದಾದರೆ ಈ ಮೂರು ಸಾಲಿನ ಕ್ರಮ ನಡೆಯದು, ದೀರ್ಘ ಭಾಗಾಕಾರಕ್ಕೇ ಮರಳಿ.