ಬೋರ್ಡೋ ಮದ್ದು: ಡ್ರಮ್ಮಿಗೆ ಹಾಕುವ ಮೊದಲು ಸುಣ್ಣವನ್ನು ಪರೀಕ್ಷಿಸುವುದು ಹೇಗೆ

ಬೋರ್ಡೋ ಮದ್ದು ಸಿಂಪಡಿಸಿದ ಅಡಿಕೆ ತೋಟಕ್ಕೂ ಕೊಳೆರೋಗ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಬಂದರೆ ದೂರು ಮಳೆಯ ಮೇಲೆ ಹೋಗುತ್ತದೆ, ಇಲ್ಲವೇ ಮರ ಹತ್ತಿದವರ ಮೇಲೆ. ತಪ್ಪು ಅದಕ್ಕೂ ಮೊದಲೇ, ಡ್ರಮ್ಮಿನಲ್ಲೇ ಆಗಿರುವುದು ಹೆಚ್ಚು. ಒಂದು ಕಿಲೊ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೊ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಬೆಳ್ತಂಗಡಿಯಿಂದ ಹೆಬ್ರಿಯವರೆಗೆ ಎಲ್ಲರಿಗೂ ಬಾಯಿಪಾಠ. ಆದರೆ ಈ ವರ್ಷ ತಂದ ಸುಣ್ಣ ಹೋದ ವರ್ಷದ ಸುಣ್ಣದಂತೆ ಇರುವುದಿಲ್ಲ. ಅಂಗಡಿಯಲ್ಲಿ ಎರಡು ತಿಂಗಳು ಬಾಯಿ ತೆರೆದು ಕೂತ ಚೀಲವೂ, ಗೂಡಿನಿಂದ ನೇರವಾಗಿ ಬಂದ ಚಿಪ್ಪಿನ ಸುಣ್ಣವೂ ತಕ್ಕಡಿಯಲ್ಲಿ ಒಂದೇ ತೂಗುತ್ತವೆ, ಡ್ರಮ್ಮಿನಲ್ಲಿ ಮಾತ್ರ ಒಂದೇ ಕೆಲಸ ಮಾಡುವುದಿಲ್ಲ. ಹಾಗಾಗಿ ಪ್ರತಿ ಹೊಸ ಚೀಲಕ್ಕೂ ಒಂದು ಗಂಟೆಯ ಪರೀಕ್ಷೆ ಮಾಡಿಯೇ ಮದ್ದು ಕೂಡಿಸಬೇಕು.

ಇದರ ಹಿಂದಿನ ಲೆಕ್ಕ ಸರಳ. 250 ಭಾಗ ಶುದ್ಧ ಮೈಲುತುತ್ತವನ್ನು ತಟಸ್ಥಗೊಳಿಸಲು 56 ಭಾಗ ಶುದ್ಧ ಸುಟ್ಟ ಸುಣ್ಣ ಸಾಕು. ಅಂದರೆ ಒಂದು ಕಿಲೊ ಮೈಲುತುತ್ತಕ್ಕೆ ಸುಮಾರು 225 ಗ್ರಾಂ. ಹಾಗಾದರೆ ಒಂದು ಕಿಲೊ ಸುಣ್ಣ ಹಾಕುವ ರೂಢಿ ಏಕೆ? ಸುಣ್ಣದಲ್ಲಿ ಮಣ್ಣು, ಮರಳು, ಬೇಯದ ಚಿಪ್ಪು, ಗಾಳಿಗೆ ಸತ್ತ ಪುಡಿ ಎಲ್ಲ ಇರುತ್ತವೆ. ಅವನ್ನೆಲ್ಲ ಕಳೆದೂ ಸಾಲುವಂತೆ ಇಟ್ಟ ಭದ್ರತೆ ಅದು. ಸುಣ್ಣ ಒಳ್ಳೆಯದಿದ್ದರೆ ಒಂದು ಕಿಲೊ ವಿಪರೀತ ಹೆಚ್ಚಾಗುತ್ತದೆ: ದ್ರಾವಣ ತೀರಾ ಕ್ಷಾರವಾಗಿ ತಾಮ್ರ ಗಟ್ಟಿಯಾಗಿ ಕಟ್ಟಿಹೋಗುತ್ತದೆ, ಮೊದಲ ದಿನಗಳಲ್ಲಿ ರೋಗಾಣುವನ್ನು ತಡೆಯಲು ಬೇಕಾದಷ್ಟು ಬಿಡುಗಡೆಯಾಗುವುದಿಲ್ಲ, ನಾಝಲ್ ಬೇರೆ ಕಟ್ಟುತ್ತದೆ. ಸುಣ್ಣ ಸತ್ತದ್ದಾದರೆ ಅದೇ ಒಂದು ಕಿಲೊ ಸಾಲದೆ, ಉಳಿದ ಹುಳಿ ತಾಮ್ರ ಎಳೆಗಾಯಿಯನ್ನೂ ಸಿಂಗಾರವನ್ನೂ (ಹೂಗೊಂಚಲನ್ನೂ) ಸುಡುತ್ತದೆ. ಮದ್ದು ಸಿಂಪಡಿಸಿದ ವಾರದಲ್ಲೇ ನಳ್ಳಿ (ಎಳೆಗಾಯಿ) ಉದುರಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಸಾಮಾನು ಕೊಳ್ಳುವಾಗ

ಮೈಲುತುತ್ತ ಕಡು ನೀಲಿ ಹರಳಾಗಿರಬೇಕು. ಹಸಿರು ಛಾಯೆ ಇದ್ದರೆ ಕಬ್ಬಿಣದ ಲವಣ ಬೆರೆತಿರುವ ಸಾಧ್ಯತೆ ಇದೆ. ಒಂದು ಚಿಟಿಕೆ ಪುಡಿಯನ್ನು ಗಾಜಿನ ಲೋಟದ ನೀರಿನಲ್ಲಿ ಕರಗಿಸಿ ಅಮೋನಿಯ ದ್ರಾವಣವನ್ನು ಹನಿಹನಿಯಾಗಿ ಬಿಡಿ. ಮೊದಲು ಮೋಡದಂತೆ ಕಟ್ಟಿ, ಇನ್ನಷ್ಟು ಬಿಟ್ಟಾಗ ಪೂರ್ತಿ ತಿಳಿಯಾದ ಗಾಢ ನೀಲಿ ಬಂದರೆ ಸರಿ. ತಳದಲ್ಲಿ ತುಕ್ಕಿನ ಬಣ್ಣದ ಗಸಿ ಉಳಿದರೆ ಆ ಚೀಲ ವಾಪಸು ಕೊಡಿ. ಹರಳಿನ ಮೇಲೆ ಬಿಳಿ ಹುಡಿ ಹತ್ತಿದ್ದರೆ ನೀರಿನಂಶ ಆರಿದೆ ಎಂದಷ್ಟೇ ಅರ್ಥ, ಅದು ಕಲಬೆರಕೆಯಲ್ಲ.

ಸುಣ್ಣ ಗಟ್ಟಿಯಾಗಿ, ಹಗುರವಾಗಿ ಇರಬೇಕು. ನೀರು ಚಿಮುಕಿಸಿದ ಕೆಲವೇ ನಿಮಿಷದಲ್ಲಿ ಬಿಸಿಯಾಗಿ ಸೀಳಿ ಹುಡಿಯಾಗಬೇಕು. ಬಿಸಿಯೇ ಏಳದ ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಮತ್ತೆ ಸುಣ್ಣದ ಕಲ್ಲಾಗಿದೆ; ಅದನ್ನು ಎಷ್ಟು ಸುರಿದರೂ ಪ್ರಯೋಜನ ಕಡಿಮೆ. ಪ್ಯಾಕೆಟ್ಟಿನಲ್ಲಿ ಬರುವ ಅರಳಿದ ಪುಡಿ ಸುಣ್ಣವೂ ಆಗುತ್ತದೆ, ಆದರೆ ಅದರಲ್ಲಿ ನೀರು ಸೇರಿರುವ ಕಾರಣ 1 ಕಿಲೊ ಸುಟ್ಟ ಸುಣ್ಣದ ಜಾಗದಲ್ಲಿ ಸುಮಾರು 1.3 ಕಿಲೊ ಬೇಕು.

ಬಾಟಲಿ ಪರೀಕ್ಷೆ

ಬೇಕಾದ್ದು: ಒಂದು ಗ್ರಾಂವರೆಗೆ ತೋರಿಸುವ ಅಡುಗೆ ತಕ್ಕಡಿ, ಅಳತೆಯ ಜಾಡಿ, ಮೇಲ್ಭಾಗ ಕತ್ತರಿಸಿದ ಒಂದು ಲೀಟರಿನ ಆರು ಪ್ಲಾಸ್ಟಿಕ್ ಬಾಟಲಿ, ಪಿಎಚ್ ಪೇಪರು (ಹುಳಿಯೋ ಕ್ಷಾರವೋ ಎಂದು ತೋರಿಸುವ ಕಾಗದ), ಮರಳುಕಾಗದದಲ್ಲಿ ಉಜ್ಜಿ ಹೊಳೆಯುವಂತೆ ಮಾಡಿದ ಆರು ಕಬ್ಬಿಣದ ಮೊಳೆ. ಮೊಳೆ ಸತುವಿನ ಲೇಪದ್ದಾಗಬಾರದು.

30 ಗ್ರಾಂ ಮೈಲುತುತ್ತವನ್ನು ಒಂದೂವರೆ ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ. ಬೇರೆ ಪಾತ್ರೆಯಲ್ಲಿ 20 ಗ್ರಾಂ ಸುಣ್ಣವನ್ನು ಸ್ವಲ್ಪ ನೀರಿನಲ್ಲಿ ಅರಳಿಸಿ, ತಣಿದ ಮೇಲೆ ಒಂದು ಲೀಟರ್ ಮಾಡಿ. ಸುಣ್ಣದ ಹಾಲನ್ನು ಕಲಕುತ್ತಲೇ ಆರು ಬಾಟಲಿಗೆ ಕ್ರಮವಾಗಿ 50, 75, 100, 150, 200, 250 ಮಿಲಿ ಹಾಕಿ, ಮೊದಲ ಐದಕ್ಕೆ ನೀರು ಸೇರಿಸಿ 250 ಮಿಲಿಗೆ ತನ್ನಿ. ಈಗ ಒಂದೊಂದಕ್ಕೂ 250 ಮಿಲಿ ಮೈಲುತುತ್ತದ ನೀರನ್ನು ಸಣ್ಣ ಧಾರೆಯಾಗಿ, ಕಲಕುತ್ತಾ ಹೊಯ್ಯಿರಿ. ಆರು ಬಾಟಲಿಯಲ್ಲೂ ಅರ್ಧರ್ಧ ಲೀಟರ್ ಶೇಕಡ 1ರ ಬೋರ್ಡೋ ಸಿದ್ಧ.

ಹತ್ತು ನಿಮಿಷ ಬಿಟ್ಟು ಪಿಎಚ್ ಪೇಪರು ಅದ್ದಿ ನೋಡಿ, ಮೊಳೆಯನ್ನು ಒಂದು ನಿಮಿಷ ಮುಳುಗಿಸಿ ತೆಗೆಯಿರಿ. ಮೊಳೆಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು. ಗಸಿ ಇಳಿದ ಮೇಲೆ ಮೇಲಿನ ನೀರಿನಲ್ಲಿ ನೀಲಿ ಉಳಿದರೂ ಅದೇ ಅರ್ಥ. ಮೊಳೆ ಶುಭ್ರವಾಗಿ ಬಂದು ಪಿಎಚ್ 7ರಿಂದ 8ರ ನಡುವೆ ನಿಂತ, ಸುಣ್ಣ ಅತಿ ಕಡಿಮೆ ಇರುವ ಬಾಟಲಿ ನಿಮಗೆ ಬೇಕಾದ್ದು. ಅದು 100 ಮಿಲಿಯ ಬಾಟಲಿ ಎಂದಿಟ್ಟುಕೊಳ್ಳಿ: 250ರಲ್ಲಿ 100, ಅಂದರೆ ಒಂದು ಕಿಲೊ ಮೈಲುತುತ್ತಕ್ಕೆ 400 ಗ್ರಾಂ ಸುಣ್ಣ. ದೊಡ್ಡ ಡ್ರಮ್ಮಿನಲ್ಲಿ ಕಲಕುವುದು ಇಷ್ಟು ಚೊಕ್ಕವಾಗಿ ಆಗದ ಕಾರಣ ಕಿಲೊಗೆ 50 ಗ್ರಾಂ ಹೆಚ್ಚು ಹಾಕಿ. 250ರ ಬಾಟಲಿಯೂ ಮೊಳೆಯನ್ನು ಕೆಂಪಾಗಿಸಿದರೆ ಆ ಸುಣ್ಣವನ್ನು ಗೋಡೆಗೆ ಬಳಿಯಲು ಇಟ್ಟುಕೊಳ್ಳಿ.

ಕತ್ತಿ ಅದ್ದಿ ನೋಡುವ ಹಳೆಯ ಕ್ರಮವೂ ಇದೇ ತತ್ವದ್ದು, ಅದು ಇಂದಿಗೂ ಸರಿ. ಆದರೆ ಅಡುಗೆಮನೆಯ ಸ್ಟೇನ್‌ಲೆಸ್ ಸ್ಟೀಲ್ ಚಾಕುವನ್ನು ನಂಬಬೇಡಿ. ಹುಳಿ ದ್ರಾವಣದಲ್ಲೂ ಅದು ಬೆಳ್ಳಗೇ ಹೊರಬರಬಹುದು. ಸೊಪ್ಪು ಕಡಿಯುವ ಕಬ್ಬಿಣದ ಕತ್ತಿಯ ಬಾಯನ್ನು ಉಜ್ಜಿ ಬಳಸಿ.

ಡ್ರಮ್ಮಿನಲ್ಲಿ ಕೂಡಿಸುವುದು

ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಕಬ್ಬಿಣ ಅಥವಾ ತಗಡಿನ ಪಾತ್ರೆಯಾದರೆ ತಾಮ್ರ ಪಾತ್ರೆಗೇ ಹತ್ತಿ ದ್ರಾವಣ ಬಡವಾಗುತ್ತದೆ, ಪಾತ್ರೆಯೂ ತೂತಾಗುತ್ತದೆ. ಇನ್ನೂರು ಲೀಟರಿನದ್ದೆಂದು ಕೊಂಡ ಡ್ರಮ್ಮಿಗೆ ಒಮ್ಮೆ ಅಳತೆಯ ಬಕೆಟ್ಟಿನಲ್ಲಿ ನೀರು ಹೊಯ್ದು 50, 100, 200ರ ಗೆರೆ ಎಳೆದಿಡಿ.

ಮೈಲುತುತ್ತವನ್ನು ಹಿಂದಿನ ರಾತ್ರಿಯೇ ನೆನೆಹಾಕಿ. 100 ಲೀಟರ್ ಮದ್ದಿಗಾದರೆ 1 ಕಿಲೊ ಹರಳನ್ನು ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಮೇಲ್ಭಾಗದಲ್ಲಿ, ಮುಳುಗುವಷ್ಟೇ ಇಳಿಬಿಡಿ. ಕರಗಿದ ಭಾರದ ನೀರು ತಾನಾಗಿ ಕೆಳಗಿಳಿದು ಹೊಸ ನೀರು ಹರಳಿಗೆ ತಾಗುತ್ತಿರುತ್ತದೆ, ಬೆಳಗಾಗುವಾಗ ಗಂಟು ಖಾಲಿ. ತಳಕ್ಕೆ ಸುರಿದ ಹರಳು ಅಲ್ಲೇ ಗಟ್ಟಿಯಾಗಿ ಕೂರುತ್ತದೆ. ಮೇಲಿನ ಅರ್ಧ ಡ್ರಮ್ಮು ಸಪ್ಪೆ, ಕೆಳಗಿನ ಅರ್ಧ ಖಾರ.

ಪರೀಕ್ಷೆಯಲ್ಲಿ ಸಿಕ್ಕ ತೂಕದ ಸುಣ್ಣವನ್ನು ಬೆಳಿಗ್ಗೆ ಅರಳಿಸಿ. ಸುಣ್ಣಕ್ಕೆ ಸ್ವಲ್ಪಸ್ವಲ್ಪವಾಗಿ ನೀರು ಚಿಮುಕಿಸಿ, ಮುಖ ದೂರ ಇರಲಿ, ಕಣ್ಣಿಗೆ ಕನ್ನಡಕ ಇರಲಿ. ಕುದಿಯುವ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದ ಕೂಡಲೇ ಕನಿಷ್ಠ ಹದಿನೈದು ನಿಮಿಷ ಧಾರಾಳ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ಅರಳಿದ್ದನ್ನು ಹಾಲು ಮಾಡಿ ಬಟ್ಟೆಯಲ್ಲಿ ಸೋಸಿ, ದೊಡ್ಡ ಡ್ರಮ್ಮಿನಲ್ಲಿ 50 ಲೀಟರಿಗೆ ತನ್ನಿ. ಪೂರ್ತಿ ತಣಿಯುವವರೆಗೆ ಕಾಯಿರಿ.

ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ಹೊಯ್ಯಿರಿ, ಒಬ್ಬರು ಬಿಡದೆ ಕಲಕುತ್ತಿರಲಿ. ಹೀಗೆ ಹೊಯ್ದಾಗ ಕಣ ನಯವಾಗಿ ಕಟ್ಟುತ್ತದೆ. ಎರಡನ್ನೂ ಗಟ್ಟಿಯಾಗಿ ಕೂಡಿಸಿ ಆಮೇಲೆ ನೀರು ಬೆರೆಸುವುದು, ಬಿಸಿ ಇರುವಾಗಲೇ ಕೂಡಿಸುವುದು, ಎರಡೂ ಕಣವನ್ನು ಒರಟು ಮಾಡುತ್ತವೆ. ಒರಟು ಕಣ ಗೊನೆಗೆ ಅಂಟದೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ಒಂದು ಗಾಜಿನ ಲೋಟದಲ್ಲಿ ಮದ್ದು ತುಂಬಿಸಿ ಹದಿನೈದು ನಿಮಿಷ ಇಟ್ಟರೆ ತಿಳಿಯುತ್ತದೆ: ಒಳ್ಳೆಯ ಬೋರ್ಡೋ ಇನ್ನೂ ಆಕಾಶನೀಲಿ ಮಜ್ಜಿಗೆಯಂತೆ ನಿಂತಿರುತ್ತದೆ, ಕೆಟ್ಟದ್ದು ತಳ ಸೇರಿರುತ್ತದೆ. ಕೊನೆಗೆ ಡ್ರಮ್ಮಿನಲ್ಲೂ ಪಿಎಚ್ ಮತ್ತು ಕತ್ತಿ ಪರೀಕ್ಷೆ ಮಾಡಿ, ಬೇಕಿದ್ದರೆ ಸುಣ್ಣದ ಹಾಲು ಸೇರಿಸಿ.

ಕೂಡಿಸಿದ್ದನ್ನು ಅದೇ ದಿನ ಮುಗಿಸಬೇಕು. ಮಧ್ಯಾಹ್ನ ಮಳೆ ಹಿಡಿದು ನಿಲ್ಲಿಸಬೇಕಾಗಬಹುದೆಂಬ ಅನುಮಾನವಿದ್ದರೆ ಎರಡು ದ್ರಾವಣವನ್ನೂ ಬೇರೆಬೇರೆಯಾಗಿ ಇಟ್ಟುಕೊಂಡು ಬೇಕಾದಷ್ಟೇ ಕೂಡಿಸಿ. ಬೇರೆಯಾಗಿದ್ದರೆ ಅವು ಮುಚ್ಚಿದ ಡ್ರಮ್ಮಿನಲ್ಲಿ ಕೆಡುವುದಿಲ್ಲ. ಬೇರೆ ಕೀಟನಾಶಕ, ಗೊಬ್ಬರ ಯಾವುದನ್ನೂ ಇದಕ್ಕೆ ಬೆರೆಸಬೇಡಿ.

ಯಾವಾಗ, ಎಲ್ಲಿಗೆ

ಬೋರ್ಡೋ ತಡೆಯುವ ಮದ್ದು, ಗುಣಪಡಿಸುವುದಲ್ಲ. ರೋಗಾಣು ಫೈಟಾಫ್ತೊರಾ ಕಾಯಿಯೊಳಗೆ ಹೊಕ್ಕ ಮೇಲೆ ಹೊರಗಿನ ತಾಮ್ರ ಅದನ್ನು ಮುಟ್ಟುವುದಿಲ್ಲ. ಹಾಗಾಗಿ ಮೊದಲ ಸಿಂಪಡಣೆ ಪತ್ತನಾಜೆ (ಮೇ ಕೊನೆಯ ವಾರ) ಕಳೆದು ಮುಂಗಾರು ಹಿಡಿಯುವ ಮೊದಲು ಮುಗಿಯಬೇಕು. ಎರಡನೆಯದು 40–45 ದಿನ ಬಿಟ್ಟು, ಆಟಿಯ (ಜುಲೈ–ಆಗಸ್ಟ್) ಹೊತ್ತಿಗೆ. ಕಾಯಿ ದಪ್ಪವಾಗುತ್ತಾ ಹೋದಂತೆ ಮೊದಲ ಲೇಪ ಬಿರಿದು ಹೊಸ ಸಿಪ್ಪೆ ಬತ್ತಲೆಯಾಗುತ್ತದೆ, ಆದ್ದರಿಂದ ಲೇಪ ಕಣ್ಣಿಗೆ ಕಾಣುತ್ತಿದೆಯೆಂದು ಎರಡನೆಯದನ್ನು ಬಿಡಬಾರದು. ಸೋಣದಲ್ಲೂ (ಆಗಸ್ಟ್–ಸೆಪ್ಟೆಂಬರ್) ಮಳೆ ಬಿಡದಿದ್ದರೆ ಮೂರನೆಯದು. ಎಡೆಬಿಡದ ಮಳೆಗಿಂತ ಮಳೆ ಬಿಸಿಲು ಒಂದರ ಹಿಂದೊಂದು ಬರುವ, ಗಾಳಿಯ ತೇವ ಶೇಕಡ 90 ಮೀರಿದ, ಉಷ್ಣತೆ 20–23 ಡಿಗ್ರಿಯ ದಿನಗಳು ಈ ರೋಗಕ್ಕೆ ಬಹಳ ಇಷ್ಟ.

ಒದ್ದೆ ಗೊನೆಗೆ ಮದ್ದು ನಿಲ್ಲದು. ಗೊನೆ ಆರಿದ್ದು, ಸಿಂಪಡಿಸಿದ ಮೇಲೂ ಕೆಲವು ಗಂಟೆ ಹೊಳವು ಇರಬೇಕು. ಒಮ್ಮೆ ಆರಿ ಕಟ್ಟಿದ ಲೇಪ ಜೋರು ಮಳೆಯನ್ನೂ ತಡೆಯುತ್ತದೆ. ಮದ್ದು ಗೊನೆಗೆ ಹಿಡಿಯಲು ಬೆರೆಸುವ ಅಂಟನ್ನು ಲೇಬಲ್ಲಿನಲ್ಲಿರುವ ಪ್ರಮಾಣದಲ್ಲಿ ಕೊನೆಗೆ ಸೇರಿಸಿ. ರೋಗ ತೊಟ್ಟಿನ ಬಳಿಯಿಂದ ಶುರುವಾಗುವ ಕಾರಣ ಗೊನೆಯ ಹೊರಮೈ ನೀಲಿಯಾದರೆ ಸಾಲದು, ಒಳಗಿನ ಎಸಳು ಮತ್ತು ತೊಟ್ಟಿನ ಸುತ್ತ ಮಂಜಿನಂತೆ ಹೋಗಬೇಕು. ಹನಿ ತೊಟ್ಟಿಕ್ಕಲು ಶುರುವಾದೊಡನೆ ನಿಲ್ಲಿಸಿ. ನೆಲದಿಂದಲೇ ಕಾರ್ಬನ್ ಫೈಬರ್ ದೋಟಿಯಲ್ಲಿ ಬಿಡುವವರು ಗೊನೆಯ ಎರಡು ಬದಿಯಿಂದಲೂ ಬಿಡಬೇಕು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ತೋಟದ ಮೇಲೆ ಲೈನು ಹಾದುಹೋಗಿರುವಲ್ಲಿ ದೋಟಿ ಎತ್ತುವ ಮೊದಲೇ ಆ ಸಾಲನ್ನು ಗುರುತು ಮಾಡಿ ಬಿಟ್ಟುಬಿಡಿ.

ಉದುರಿದ ಕೊಳೆತ ಕಾಯನ್ನು ಬುಡದಲ್ಲೇ ಬಿಡುವುದೆಂದರೆ ರೋಗಾಣುವಿಗೆ ಬಿಡಾರ ಕೊಟ್ಟಂತೆ. ಹೆಕ್ಕಿ ತೋಟದಿಂದ ಹೊರಗೆ ಹಾಕಿ ಸುಡಿ ಅಥವಾ ಹೂಳಿ, ಒಣಗಿ ನಿಂತ ಹಳೆಯ ಗೊನೆಯನ್ನೂ ಇಳಿಸಿ.

ಪ್ರಯೋಜನವಾಯಿತೇ ಎಂದು ನಿಮ್ಮ ತೋಟದಲ್ಲೇ ಅಳೆಯಿರಿ

ಲೆಸ್ಲಿ ಕೋಲ್‌ಮನ್ ಮೈಸೂರು ಕೃಷಿ ಇಲಾಖೆಯಲ್ಲಿದ್ದಾಗ, 1910ರ ಸುಮಾರಿಗೆ, ದ್ರಾಕ್ಷಿಗೆಂದು ಫ್ರಾನ್ಸಿನಲ್ಲಿ ಹುಟ್ಟಿದ ಬೋರ್ಡೋವನ್ನು ಅಡಿಕೆಯ ಕೊಳೆರೋಗಕ್ಕೆ ತಂದದ್ದು ತೋಟದಲ್ಲೇ ಮಾಡಿದ ಪ್ರಯೋಗಗಳಿಂದ. ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರವಿದೆ. ಆದರೂ ನಿಮ್ಮ ಸುಣ್ಣ, ನಿಮ್ಮ ಕಣಿವೆಯ ತೇವ ಇವಕ್ಕೆ ನಿಮ್ಮ ತೋಟದ ಲೆಕ್ಕವೇ ಬೇಕು.

ಮದ್ದೇ ಸಿಂಪಡಿಸದ ಮರಗಳನ್ನು ಹೋಲಿಕೆಗೆ ಇಡಬೇಡಿ, ಅವು ಸುತ್ತಲಿಗೆಲ್ಲ ರೋಗ ಹಂಚುತ್ತವೆ. ಎರಡು ಕ್ರಮಗಳನ್ನು ಹೋಲಿಸಿ: ಒಂದರಲ್ಲಿ ರೂಢಿಯ ಒಂದಕ್ಕೊಂದು ಸುಣ್ಣ, ಇನ್ನೊಂದರಲ್ಲಿ ಪರೀಕ್ಷೆಯ ಪ್ರಮಾಣ. ತೋಡಿನ (ಹಳ್ಳದ) ಬದಿ, ನಡು ತೋಟ, ಗುಡ್ಡದ ಬದಿ ಹೀಗೆ ಮೂರು ಕಡೆ, ಪ್ರತಿ ಕಡೆಯೂ ಎರಡು ಕ್ರಮಕ್ಕೆ ಹದಿನೈದು ಹದಿನೈದು ಮರ. ನಡುವೆ ಒಂದು ಸಾಲು ಲೆಕ್ಕಕ್ಕಿಲ್ಲದೆ ಬಿಡಿ. ಒಂದೇ ಪ್ರಾಯ, ಒಂದೇ ತಳಿ ಇರಲಿ. ಮಂಗಳ ತಳಿಯನ್ನು ಊರ ತಳಿಯ ಎದುರು ನಿಲ್ಲಿಸಬೇಡಿ. ಎರಡಕ್ಕೂ ಒಂದೇ ದಿನ, ಒಂದೇ ಜನ, ಒಂದೇ ನಾಝಲ್.

ವಾರಕ್ಕೊಮ್ಮೆ ಬಿದ್ದ ಕಾಯಿ ಹೆಕ್ಕಿ ವಿಂಗಡಿಸಿ ಬರೆಯಿರಿ. ತೊಟ್ಟಿನ ಬಳಿ ನೀರು ಕುಡಿದಂಥ ಕಡುಹಸಿರು ಕಲೆ, ಹೊಳಪು ಹೋದ ಸಿಪ್ಪೆ, ಬಿಳಿ ಬೂಸಲು ಕಂಡರೆ ಕೊಳೆ. ಸೂಜಿ ಚುಚ್ಚಿದಂಥ ಗುರುತಿರುವ ಎಳೆಗಾಯಿ ತಿಗಣೆಯದ್ದು. ಸಂಶಯದ ಕಾಯನ್ನು ಒದ್ದೆ ಬಟ್ಟೆಯ ಜೊತೆ ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಇಟ್ಟರೆ, ಕೊಳೆಯಾದರೆ ಬಿಳಿ ಬೂಸಲು ಏಳುತ್ತದೆ. ಕೊಯ್ಲಿನಲ್ಲಿ ಸಿಕ್ಕ ಕಾಯನ್ನೂ ಎಣಿಸಿ, ಒಟ್ಟು ಕಾಯಲ್ಲಿ ಕೊಳೆತದ್ದು ಶೇಕಡ ಎಷ್ಟು ಎಂದು ಲೆಕ್ಕ ಹಾಕಿ. ಮೂರು ಕಡೆಯೂ ಒಂದೇ ಕ್ರಮ ಮುಂದಿದ್ದರೆ ಆ ಫಲಿತಾಂಶಕ್ಕೆ ತೂಕವಿದೆ. ಒಂದು ಕಡೆ ಮಾತ್ರ ಮುಂದಿದ್ದರೆ ಅದು ಜಾಗದ ಗುಣವಿರಬಹುದು. ಮರುವರ್ಷ ಕ್ರಮಗಳನ್ನು ಅದಲುಬದಲು ಮಾಡಿ ಮತ್ತೆ ನೋಡಿ. ಲೆಕ್ಕದ ಪುಸ್ತಕವನ್ನೂ ಸಂಶಯದ ಕಾಯನ್ನೂ ವಿಟ್ಲಕ್ಕೋ, ಮಂಗಳೂರು ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೋ ಒಯ್ದರೆ ಅಲ್ಲಿನವರ ಸಲಹೆ ನಿಮ್ಮ ತೋಟಕ್ಕೆ ಹೊಂದುವಂತೆ ಸಿಗುತ್ತದೆ.

ಕೆಲಸ ಮುಗಿದ ಮೇಲೆ ಪಂಪು, ಪೈಪು, ನಾಝಲ್‌ಗಳಲ್ಲಿ ಶುದ್ಧ ನೀರು ಹರಿಸಿ. ನಾಝಲ್ಲಿನಲ್ಲಿ ನೀಲಿ ಕಟ್ಟಿದ್ದರೆ ವಿನೆಗರಿನಲ್ಲಿ ಸ್ವಲ್ಪ ಹೊತ್ತು ನೆನೆಸಿದರೆ ಬಿಡುತ್ತದೆ. ತೊಳೆದ ನೀರನ್ನು ತೋಡಿಗೆ, ಕೆರೆಗೆ, ಬಾವಿಯ ಬಳಿಗೆ ಬಿಡಬೇಡಿ, ತಾಮ್ರಕ್ಕೆ ಮೀನು ಸಾಯುತ್ತದೆ. ಮದ್ದು ಬಿದ್ದ ಹುಲ್ಲನ್ನೂ ಅಡಿಕೆ ಹಾಳೆಯನ್ನೂ ದನಕ್ಕೆ ಹಾಕಬೇಡಿ.