ಹಳೇ ಕಾರಿನ ರಿಪೇರಿ: ಎಲ್ಲಿಂದ ಶುರು, ಎಲ್ಲಿ ಎಚ್ಚರ

ವರ್ಷಗಟ್ಟಲೆ ಕದಲದೆ ನಿಂತ ಹಳೇ ಕಾರನ್ನು ಮನೆಯಲ್ಲೇ ಸರಿಮಾಡಲು ಹೊರಟವರಿಗೆ ಮೊದಲ ದಿನ ಕೈ ತುರಿಸುವುದು ಬಿಚ್ಚುವುದಕ್ಕೆ. ಸೀಟು, ಬಾಗಿಲು, ಎಂಜಿನ್, ವೈರಿಂಗ್ ಎಲ್ಲ ಬೇಗನೆ ನೆಲಕ್ಕೆ ಬರುತ್ತವೆ. ಮತ್ತೆ ಜೋಡಿಸುವ ದಿನ ಮಾತ್ರ ಬರುವುದೇ ಇಲ್ಲ. ಇಡೀ ಕಾರನ್ನು ಒಮ್ಮೆಗೇ ಬಿಚ್ಚಬೇಡಿ. ಒಂದು ಭಾಗ ಹಿಡಿದು ಅದನ್ನು ಮುಗಿಸಿ ಮುಂದಿನದಕ್ಕೆ ಕೈಹಾಕಿ. ಹೊಸ ಕಾಲದ ಸೌಕರ್ಯ ಸೇರಿಸುವ ಆಸೆಯಿದ್ದರೆ ಇನ್ನೊಂದು ಮಾತು: ಹಳೇ ಕಾರಿನಲ್ಲಿ ಯಾವ ಬದಲಾವಣೆಯೂ ಒಂಟಿಯಾಗಿ ಬರುವುದಿಲ್ಲ. ಒಂದು ಬಿಡಿಭಾಗ ಬದಲಿಸಿದರೆ ಅದರ ನೆಂಟರೆಲ್ಲ ಹಿಂದೆಯೇ ಬರುತ್ತಾರೆ.

ಶುರು ಮಾಡುವ ಮುನ್ನ ಎರಡು ಶಿಸ್ತು. ಕಾರಿನ ಕೆಳಗೆ ಮಲಗುವಾಗ ಬರೀ ಜಾಕಿಯನ್ನು ನಂಬಬಾರದು. ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್ ಇಟ್ಟು, ಕಾರನ್ನು ಒಮ್ಮೆ ಅಲ್ಲಾಡಿಸಿ ನೋಡಿದ ಮೇಲೆಯೇ ಒಳಗೆ ಹೋಗಿ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ; ಪುಟ್ಟ ಚೀಲಗಳಲ್ಲಿ ಹಾಕಿ, ಎಲ್ಲಿಯದು ಎಂದು ಬರೆದು, ಬಿಚ್ಚುವ ಮೊದಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಹಳೇ ಕಾರುಗಳಲ್ಲಿ ಬೋಲ್ಟಿನ ಮರೆ, ಅಂದರೆ ಮೈಮೇಲಿನ ಸುತ್ತುಗೆರೆ, ಇಂಚಿನ ಅಳತೆಯದೂ ಮೆಟ್ರಿಕ್ ಅಳತೆಯದೂ ಒಟ್ಟಿಗೇ ಸಿಗುವುದುಂಟು. ನೋಡಲು ಒಂದೇ ತರಹ ಇರುವ ಬೋಲ್ಟು ಎರಡು ಸುತ್ತು ಸಲೀಸಾಗಿ ಹೋಗಿ ಮೂರನೆಯದಕ್ಕೆ ಬಿಗಿಯಾದರೆ ನಿಲ್ಲಿಸಿ. ಅದು ಆ ಜಾಗದ್ದಲ್ಲ.

ಎಂಜಿನ್ ಬದುಕಿದೆಯೇ?

ದುಡ್ಡು ಸುರಿಯುವ ಮೊದಲು ಇದು ತಿಳಿಯಬೇಕು. ಬ್ಯಾಟರಿ ಕೊಟ್ಟು ಕೀಲಿ ತಿರುಗಿಸುವುದು ಎಲ್ಲಕ್ಕಿಂತ ಕೆಟ್ಟ ಪರೀಕ್ಷೆ. ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಅಂಟಿಕೊಂಡಿರಬಹುದು; ಸ್ಟಾರ್ಟರ್ ಮೋಟಾರು ಜಗ್ಗಿದರೆ ರಿಂಗ್ ಮುರಿಯುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಪ್ರತಿ ಸಿಲಿಂಡರಿಗೆ ಎರಡು ಮೂರು ಚಮಚ ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ಬಿಡಿ. ಆಮೇಲೆ ಎಂಜಿನ್ನಿನ ತುದಿಯಲ್ಲಿ ಬೆಲ್ಟು ಕೂರುವ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸಿ. ಕದಲದಿದ್ದರೆ ಬಲ ಹೆಚ್ಚಿಸಬೇಡಿ, ಮತ್ತೆ ಎಣ್ಣೆ ಬಿಟ್ಟು ಕಾಯಿರಿ.

ಸರಾಗವಾಗಿ ತಿರುಗಿತೆಂದರೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಪ್ಲಗ್ ಇಲ್ಲದೆಯೇ ಸ್ಟಾರ್ಟರಿನಿಂದ ತಿರುಗಿಸಿ ಆಯಿಲ್ ಒತ್ತಡ ಬರುವವರೆಗೆ ನೋಡಿ. ನಂತರ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು, ಒಂದೊಂದೇ ಸಿಲಿಂಡರನ್ನು ಅಳೆಯಿರಿ. ಸಂಖ್ಯೆ ಎಷ್ಟಿದೆ ಎನ್ನುವುದಕ್ಕಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಹೆಚ್ಚು ಹೇಳುತ್ತದೆ. ಶೇ 10ರ ಒಳಗಿದ್ದರೆ ನೆಮ್ಮದಿ. ಒಂದು ಸಿಲಿಂಡರ್ ತೀರಾ ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ (ಎಂಜಿನ್ನಿನ ಮೇಲ್ಮುಚ್ಚಳ) ಕೆಳಗಿನ ಗ್ಯಾಸ್ಕೆಟ್ ಕಡೆ ನೋಡಬೇಕು.

ಟ್ಯಾಂಕಿನ ಹಳೇ ಪೆಟ್ರೋಲನ್ನು ಬಳಸುವ ಮಾತೇ ಬೇಡ. ಅದು ಅಂಟಾಗಿ ಕಾರ್ಬ್ಯುರೇಟರಿನ ಪುಟ್ಟ ತೂತುಗಳನ್ನು (ಜೆಟ್) ಮುಚ್ಚುತ್ತದೆ. ಇಂದಿನ ಪೆಟ್ರೋಲಿನ ಎಥನಾಲ್ ಹಳೇ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ, ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಬೆಂಕಿ. ಹಾಗಾಗಿ ಎಥನಾಲ್ ತಾಳುವ ಪೈಪನ್ನೇ ಹಾಕಿ, ಕ್ಲಿಪ್‌ಗಳನ್ನೂ ಬದಲಿಸಿ. ಟ್ಯಾಂಕ್ ತೂತಾಗಿದ್ದರೆ ಮನೆಯಲ್ಲಿ ವೆಲ್ಡ್ ಮಾಡಲೇಬಾರದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಅಪಾಯಕಾರಿ, ಏಕೆಂದರೆ ಸಿಡಿಯುವುದು ಗಾಳಿಯೊಂದಿಗೆ ಬೆರೆತ ಆವಿ.

ಸೀಸದ ಪೆಟ್ರೋಲಿನ ಕಾಲದ ಎಂಜಿನ್ನಿಗೆ ಇನ್ನೊಂದು ತೊಂದರೆ. ಸೀಸ ಎಕ್ಸಾಸ್ಟ್ ವಾಲ್ವಿನ ಸೀಟಿಗೆ ಮೆತ್ತೆಯಂತೆ ಕೆಲಸ ಮಾಡುತ್ತಿತ್ತು. ಅದು ಇಲ್ಲದಾಗ ಮೆದು ಎರಕದ ಸೀಟು ನಿಧಾನವಾಗಿ ಸವೆದು ವಾಲ್ವ್ ಒಳಗಿಳಿಯುತ್ತದೆ, ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಟ್ಯಾಪೆಟ್ ಸಂದು ಮುಚ್ಚಿಹೋಗುತ್ತದೆ. ಹೆಡ್ ಹೇಗೂ ಬಿಚ್ಚುವುದಿದ್ದರೆ ಗಟ್ಟಿ ಸೀಟು ಕೂರಿಸಲು ಎಂಜಿನ್ ವರ್ಕ್‌ಶಾಪಿಗೆ ಕೊಡಿ. ಚೆನ್ನಾಗಿ ಓಡುತ್ತಿರುವ ಹೆಡ್ಡನ್ನು ಇದಕ್ಕಾಗಿಯೇ ಬಿಚ್ಚುವ ಅಗತ್ಯವಿಲ್ಲ. ಟ್ಯಾಪೆಟ್ ಸಂದನ್ನು ಆಗಾಗ ಅಳೆಯುತ್ತಿದ್ದರೆ ಸಾಕು.

ತುಕ್ಕು

ಹೊಳೆಯುವ ಬಣ್ಣದ ಕೆಳಗೆ ತಗಡು ಇದೆಯೋ ಪುಟ್ಟಿ ಇದೆಯೋ ಎಂದು ತಿಳಿಯಲು ಒಂದು ಪುಟ್ಟ ಆಯಸ್ಕಾಂತ ಸಾಕು. ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಸರಿಸಿ. ಹಿಡಿತ ಸಡಿಲವಾದಲ್ಲಿ ಪುಟ್ಟಿ ದಪ್ಪವಾಗಿದೆ. ಆಮೇಲೆ ಸ್ಕ್ರೂಡ್ರೈವರಿನಿಂದ ಬಾಗಿಲ ಕೆಳಗಿನ ಪಟ್ಟಿ, ನೆಲದ ತಗಡು, ಚಕ್ರದ ಕಮಾನು, ಬ್ಯಾಟರಿ ಕೂರುವ ಜಾಗ, ಸ್ಟೆಪ್ನಿ ಇಡುವ ಗುಂಡಿ ಇವನ್ನೆಲ್ಲ ಒತ್ತಿ ನೋಡಿ. ಈ ಜಾಗಗಳಲ್ಲಿ ನೀರು ಹೊರಹೋಗುವ ತೂತುಗಳು ಕೆಸರು ತುಂಬಿ ಮುಚ್ಚಿರುತ್ತವೆ, ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಗೆ ಕಾಣುವ ಒಂದು ಗುಳ್ಳೆಯ ಹಿಂದೆ ಅಂಗೈಯಗಲ ಹಾಳಾಗಿರುವುದು ಸಾಮಾನ್ಯ.

ಪ್ರತ್ಯೇಕ ಚಾಸಿಸ್ ಇಲ್ಲದ ಕಾರಿನಲ್ಲಿ ಬಾಗಿಲ ಕೆಳಗಿನ ಪಟ್ಟಿಯೇ ಬೆನ್ನುಮೂಳೆ. ಅದನ್ನು ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ತಾತ್ಕಾಲಿಕವಾಗಿ ಬೆಸೆದು, ಬಾಗಿಲಿನ ಸುತ್ತಲ ಸಂದನ್ನು ಅಳೆದು ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಮೈ ಕುಸಿದ ಸ್ಥಿತಿಯಲ್ಲೇ ಹೊಸ ಪಟ್ಟಿ ಬೆಸೆದುಬಿಡುತ್ತೀರಿ, ಆ ಬಾಗಿಲು ಮುಂದೆಂದೂ ಸರಿಯಾಗಿ ಮುಚ್ಚುವುದಿಲ್ಲ. ಒಮ್ಮೆಗೆ ಒಂದು ಕಡೆ ಮಾತ್ರ.

ತೆಳು ತಗಡಿಗೆ ಗ್ಯಾಸ್ ಇರುವ ಮಿಗ್ ವೆಲ್ಡಿಂಗ್, 0.6 ಮಿ.ಮೀ. ತಂತಿ, 0.8ರಿಂದ 1 ಮಿ.ಮೀ. ದಪ್ಪದ ತಗಡು ಹೊಂದುತ್ತದೆ. ಕೆಟ್ಟ ಭಾಗವನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ. ತುಕ್ಕಿನ ಅಂಚಿಗೆ ಬೆಸುಗೆ ನಿಲ್ಲುವುದಿಲ್ಲ, ತಗಡೇ ಕರಗಿ ತೂತಾಗುತ್ತದೆ. ಉದ್ದಕ್ಕೆ ಒಂದೇ ಗೆರೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. 25–30 ಮಿ.ಮೀ.ಗೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ನಡುನಡುವೆ ತುಂಬುತ್ತ ಹೋಗಿ. ಬ್ಯಾಟರಿಯ ಎರಡೂ ವೈರು ಕಳಚಿರಬೇಕು, ಒಳಗಿನ ಕಾರ್ಪೆಟ್ ಹೊರಗಿರಬೇಕು, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕಬೇಕು. ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾರನ್ನು ಬಿಟ್ಟು ಹೋಗಬೇಡಿ. ತಳಕ್ಕೆ ಬಳಿದ ಹಳೇ ಡಾಂಬರು ಒಳಗೊಳಗೇ ಹೊಗೆಯಾಡಿ ತಡವಾಗಿ ಹತ್ತಿಕೊಳ್ಳುತ್ತದೆ.

ಬ್ರೇಕು: ರಿಪೇರಿ ಮೊದಲು, ಬದಲಾವಣೆ ಆಮೇಲೆ

ನಿಂತ ಕಾರಿನ ಬ್ರೇಕಿನಲ್ಲಿ ರಬ್ಬರ್ ಇರುವುದೆಲ್ಲ ಹಾಳಾಗಿದೆ ಎಂದೇ ತಿಳಿಯಿರಿ. ಹೊರಗೆ ಚೆಂದ ಕಾಣುವ ಬ್ರೇಕ್ ಹೋಸಿನ ಒಳಮೈ ಊದಿಕೊಂಡಿರುತ್ತದೆ. ಪೆಡಲಿನ ಬಲಕ್ಕೆ ದ್ರವ ಚಕ್ರದತ್ತ ಹೋಗುತ್ತದೆ, ವಾಪಸು ಬರುವುದಿಲ್ಲ. ಒಂದು ಚಕ್ರ ಮಾತ್ರ ಬಿಸಿಯಾಗುತ್ತಿದ್ದರೆ ಚಕ್ರದಲ್ಲಿ ಬ್ರೇಕ್ ಶೂ ತಳ್ಳುವ ವೀಲ್ ಸಿಲಿಂಡರಿಗಿಂತ ಮೊದಲು ಹೋಸನ್ನು ಅನುಮಾನಿಸಿ. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ. ಕಬ್ಬಿಣದ ಕೊಳವೆಗಳ ಬದಲು ತಾಮ್ರ-ನಿಕ್ಕಲ್ ಮಿಶ್ರಲೋಹದ 4.75 ಮಿ.ಮೀ. ಕೊಳವೆ ಹಾಕಿದರೆ ತುಕ್ಕಿನ ಚಿಂತೆ ತಪ್ಪುತ್ತದೆ. ತುದಿಯನ್ನು ಅರಳಿಸುವ ಆಕಾರ ಮಾತ್ರ ಹಳೆಯದರಂತೆಯೇ ಇರಬೇಕು. ಆಕಾರ ಬೇರೆಯಾದರೆ ಎಷ್ಟು ಬಿಗಿದರೂ ಸೋರುತ್ತದೆ.

ಡಾಟ್ 4 ದರ್ಜೆಯ ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸದು ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು, ತೇವ ಹೀರಿದ ಮೇಲೆ 155ಕ್ಕೇ ಕುದಿಯಬಹುದು. ಇಳಿಜಾರಿನಲ್ಲಿ ಪೆಡಲು ನೆಲಮುಟ್ಟುವುದು ಹೀಗೆ. ಅರ್ಧ ಬಳಸಿ ಇಟ್ಟ ಡಬ್ಬಿಯನ್ನು ಎಸೆಯಿರಿ. ಸಿಲಿಕೋನಿನ ಡಾಟ್ 5ನ್ನು ಇದರೊಂದಿಗೆ ಬೆರೆಸಬಾರದು.

ಈಗ ಎಲ್ಲರೂ ಬಯಸುವ ಬದಲಾವಣೆ: ಮುಂದಿನ ಡ್ರಮ್ ತೆಗೆದು ಡಿಸ್ಕ್ ಹಾಕುವುದು. ಒಳ್ಳೆಯ ಕೆಲಸವೇ. ಆದರೆ ಡಿಸ್ಕು, ಅದಕ್ಕೆ ಪ್ಯಾಡು ಒತ್ತುವ ಕ್ಯಾಲಿಪರು ಕೂರಿಸಿದಲ್ಲಿಗೆ ಮುಗಿಯಿತು ಎಂದುಕೊಂಡವರ ಕಾರು ಮೊದಲಿಗಿಂತ ಕೆಟ್ಟದಾಗಿ ನಿಲ್ಲುತ್ತದೆ. ಕಾರಣಗಳು ಒಂದರ ಹಿಂದೊಂದು ಬರುತ್ತವೆ. ಡ್ರಮ್ ಬ್ರೇಕಿನಲ್ಲಿ ಪೆಡಲಿನ ಬಲಕ್ಕೆ ದ್ರವ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಒಂದು ಪುಟ್ಟ ವಾಲ್ವ್ ಇದ್ದು, ಕೊಳವೆಯಲ್ಲಿ ಚದರ ಇಂಚಿಗೆ ಸುಮಾರು 10 ಪೌಂಡ್ ಒತ್ತಡವನ್ನು ಸದಾ ಉಳಿಸುತ್ತದೆ. ಡಿಸ್ಕಿಗೆ ಅಷ್ಟು ಒತ್ತಡ ಉಳಿದರೆ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಹೆಚ್ಚು ದ್ರವ ಬೇಕು. ಹಳೇ ಸಿಲಿಂಡರಿನಿಂದ ಅಷ್ಟು ಬಾರದೆ ಪೆಡಲು ಉದ್ದಕ್ಕೆ ಇಳಿಯುತ್ತದೆ. ಒಳ ಅಗಲ (ಬೋರ್) ದೊಡ್ಡದಿರುವ ಸಿಲಿಂಡರ್ ಹಾಕಿದರೆ ದ್ರವ ಸಾಕಾಗುತ್ತದೆ, ಆದರೆ ಅದೇ ಕಾಲಿನ ಬಲಕ್ಕೆ ಒತ್ತಡ ಕಡಿಮೆಯಾಗುತ್ತದೆ. ಜೊತೆಗೆ ಡ್ರಮ್ಮಿನಲ್ಲಿ ಚಕ್ರದ ತಿರುಗುವಿಕೆಯೇ ಶೂವನ್ನು ಒಳಕ್ಕೆಳೆದು ಸಹಾಯ ಮಾಡುತ್ತಿತ್ತು, ಡಿಸ್ಕಿನಲ್ಲಿ ಆ ಸಹಾಯ ಇಲ್ಲ. ಆದ್ದರಿಂದ ಎಂಜಿನ್ನಿನ ನಿರ್ವಾತದಿಂದ ನಡೆಯುವ ಬೂಸ್ಟರ್ ಬೇಕಾಗಬಹುದು. ಡಿಸ್ಕಿಗೆ ಬೇಕಾದ ಹೆಚ್ಚಿನ ಒತ್ತಡ ಹಿಂದಿನ ಡ್ರಮ್ಮಿಗೂ ಹೋಗುವುದರಿಂದ ಮುಂದಿನ ಹಿಂದಿನ ಬ್ರೇಕಿನ ಸಮತೋಲ ಬದಲಾಗುತ್ತದೆ; ಗಟ್ಟಿಯಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಕಚ್ಚಿ ನಿಂತರೆ ಕಾರು ತಿರುಗಿಬಿಡುತ್ತದೆ, ಅದಕ್ಕೆ ಹಿಂದಿನ ಒತ್ತಡ ಮಿತಿಗೊಳಿಸುವ ವಾಲ್ವ್. ಕೊನೆಗೆ, ಹಳೇ ಚಕ್ರದ ಒಳಗೆ ಕ್ಯಾಲಿಪರ್ ಹಿಡಿಯುತ್ತದೆಯೇ ಎಂದು ಕೊಳ್ಳುವ ಮೊದಲೇ ಅಳೆಯಬೇಕು.

ಇಷ್ಟೆಲ್ಲ ಬೇಡವೆನಿಸಿದರೆ ಹಳೇ ಡ್ರಮ್ಮನ್ನೇ ಇಟ್ಟುಕೊಂಡು, ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರಿನ ಬದಲು ಮುಂದೆ ಹಿಂದೆ ಬೇರೆಬೇರೆಯಾಗಿ ಕೆಲಸ ಮಾಡುವ ಜೋಡಿ ಸಿಲಿಂಡರ್ ಹಾಕಿಸಿ. ಒಂದು ಕೊಳವೆ ಒಡೆದರೂ ಅರ್ಧ ಬ್ರೇಕು ಉಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಡಿಸ್ಕಿಗಿಂತ ಇದೇ ಮೊದಲು ಆಗಬೇಕಾದದ್ದು. ಬ್ರೇಕಿನ ಕೊಳವೆಗಳೊಳಗೆ ಸೇರಿದ ಗಾಳಿ ತೆಗೆಯುವಾಗ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಶುರುಮಾಡಿ. ಬ್ರೇಕಿನ ಬದಲಾವಣೆಗೆ ನಿಮ್ಮಲ್ಲಿ ಅನುಮತಿಯೋ ತಪಾಸಣೆಯೋ ಬೇಕೇ ಎಂಬುದನ್ನು ಸಾಮಾನು ತರುವ ಮೊದಲೇ ವಿಚಾರಿಸಿಕೊಳ್ಳಿ.

ವೈರಿಂಗ್

ಹಳೇ ಕಾರಿನ ವಿದ್ಯುತ್ ತೊಂದರೆಗಳಲ್ಲಿ ಬಹುಪಾಲು ಅರ್ತಿನವು, ಅಂದರೆ ಕರೆಂಟು ಕಾರಿನ ಮೈ ಮೂಲಕ ಬ್ಯಾಟರಿಗೆ ವಾಪಸಾಗುವ ಜೋಡಣೆಗಳವು. ಲೈಟ್ ಉರಿಯುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಅರ್ತ್ ತುದಿಗೆ, ಇನ್ನೊಂದನ್ನು ಲೈಟಿನ ಅರ್ತ್ ತುದಿಗೆ ಇಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ಜೋಡಣೆಯನ್ನು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ ಲೋಹ ಕಾಣುವಂತೆ ಮಾಡಿ ಬಿಗಿಯಿರಿ.

ಹೆಡ್‌ಲೈಟ್ ಮಂಕಾಗಿದ್ದರೆ ಹೆಚ್ಚು ವ್ಯಾಟಿನ ಬಲ್ಬ್ ಹಾಕಲು ಹೋಗಬೇಡಿ, ಹಳೇ ಸ್ವಿಚ್ಚು ಸುಡುತ್ತದೆ. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಔಷಧಿ ರಿಲೇ, ಅಂದರೆ ಹಳೇ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಹಾಯಿಸುವ ಪುಟ್ಟ ಪೆಟ್ಟಿಗೆ. ಅದರ 30ನೇ ತುದಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ 2.5 ಚದರ ಮಿ.ಮೀ. ವೈರು, 87ರಿಂದ ಬಲ್ಬಿಗೆ, 86ಕ್ಕೆ ಹಳೇ ಸ್ವಿಚ್ಚಿನ ವೈರು, 85 ಅರ್ತಿಗೆ. ಹೈ ಬೀಮಿಗೂ ಲೋ ಬೀಮಿಗೂ ಒಂದೊಂದು. 55 ವ್ಯಾಟಿನ ಎರಡು ಬಲ್ಬು ಸೇರಿ ಎಳೆಯುವುದು ಸುಮಾರು 9 ಆಂಪಿಯರ್, 15 ಆಂಪಿಯರ್ ಫ್ಯೂಸ್ ಸಾಕು.

ಡೈನಮೋ ತೆಗೆದು ಆಲ್ಟರ್ನೇಟರ್ ಹಾಕುವವರು ಮೊದಲು ಬ್ಯಾಟರಿಯ ಯಾವ ತುದಿ ಮೈಗೆ ಸೇರಿದೆ ನೋಡಬೇಕು. ಹಳೇ ಬ್ರಿಟಿಷ್ ಕಾರುಗಳಲ್ಲಿ ಅನೇಕಕ್ಕೆ ಪಾಸಿಟಿವ್ ಅರ್ತ್. ಅದನ್ನು ತಿರುಗಿಸದೆ ಆಲ್ಟರ್ನೇಟರ್ ಜೋಡಿಸಿದರೆ ಅದರ ಡಯೋಡುಗಳು ಆ ಕ್ಷಣವೇ ಸುಡುತ್ತವೆ. ತಿರುಗಿಸಿದಾಗ ಆಮ್ಮೀಟರಿನ ಮತ್ತು ಇಗ್ನಿಷನ್ ಕಾಯಿಲಿನ (ಸ್ಪಾರ್ಕಿಗೆ ವೋಲ್ಟೇಜ್ ಏರಿಸುವ ಭಾಗ) ವೈರುಗಳನ್ನೂ ಅದಲುಬದಲು ಮಾಡಬೇಕು. ಹಳೇ ರೇಡಿಯೋ ಇದ್ದರೆ ಕಳಚಿಡಿ. ಚಾರ್ಜಿಂಗ್ ವೈರೂ ದಪ್ಪವಾಗಬೇಕು, ಹಳೆಯದು ಕಡಿಮೆ ಆಂಪಿಯರಿಗೆ ಮಾಡಿದ್ದು. ಚಾರ್ಜಿಂಗ್ ಎಚ್ಚರಿಕೆಯ ದೀಪಕ್ಕೆ ಎಲ್‌ಇಡಿ ಹಾಕಬೇಡಿ. ಆಲ್ಟರ್ನೇಟರ್ ಎಚ್ಚರವಾಗಲು ಬೇಕಾದ ಕರೆಂಟು ಆ ಪುಟ್ಟ ಬಲ್ಬಿನ ಮೂಲಕವೇ ಹೋಗುತ್ತದೆ, ಎಲ್‌ಇಡಿ ಅಷ್ಟನ್ನು ಬಿಡುವುದಿಲ್ಲ.

ಸ್ಪಾರ್ಕಿಗಾಗಿ ಕಾಯಿಲಿನ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕುವುದು ಅರ್ಧ ಗಂಟೆಯ ಕೆಲಸ, ಅದರ ಮಾಡ್ಯೂಲ್ ಸುಡಲು ಒಂದು ನಿಮಿಷ ಸಾಕು. ಕಾಯಿಲಿನ ಎರಡು ಸಣ್ಣ ತುದಿಗಳ ನಡುವೆ ಅಳೆಯಿರಿ: ಮಾಡ್ಯೂಲಿನ ಪೊಟ್ಟಣದಲ್ಲಿ ಹೇಳಿದಷ್ಟು ಓಮ್ ಇಲ್ಲದಿದ್ದರೆ ಕಾಯಿಲ್ ಬದಲಿಸಿ. ಎಂಜಿನ್ ನಿಂತಿರುವಾಗ ಕೀಲಿ ಆನ್ ಬಿಡಬೇಡಿ. ತಾಮ್ರದ ಪ್ಲಗ್ ವೈರಿನ ಬದಲು ರೆಸಿಸ್ಟೆನ್ಸ್ ಇರುವ ವೈರು ಹಾಕಿ. ಬಿಚ್ಚಿದ ಪಾಯಿಂಟು, ಕಂಡೆನ್ಸರನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಇಟ್ಟಿರಿ. ಮಾಡ್ಯೂಲ್ ದಾರಿಯಲ್ಲಿ ಕೈಕೊಟ್ಟರೆ ರಿಪೇರಿಯಾಗುವುದಿಲ್ಲ, ಪಾಯಿಂಟು ಆಗುತ್ತದೆ.

ಬಣ್ಣ

ಇದನ್ನು ಚುಟುಕಾಗಿ ಹೇಳುತ್ತೇವೆ, ಏಕೆಂದರೆ ಅರ್ಧ ಕೆಲಸವನ್ನು ಮನೆಯಲ್ಲಿ ಮಾಡಬಾರದು. ಬರಿ ತಗಡಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ 3 ಮಿ.ಮೀ. ಮೀರದಂತೆ ಪುಟ್ಟಿ, ಅದಕ್ಕಿಂತ ಆಳದ ತಗ್ಗನ್ನು ತಗಡು ಬಡಿದೇ ಎತ್ತಬೇಕು. ಪುಟ್ಟಿಯನ್ನು 80, ಆಮೇಲೆ 180ರ ಉಪ್ಪುಕಾಗದದಿಂದ, ಪ್ರೈಮರನ್ನು 400–600ರಿಂದ ಮರದ ತುಂಡಿಗೆ ಸುತ್ತಿ ಉಜ್ಜಿ. ಬರಿಗೈಯಲ್ಲಿ ಉಜ್ಜಿದರೆ ಬೆರಳಿನ ಅಲೆಗಳು ಬಣ್ಣದಲ್ಲಿ ಕಾಣುತ್ತವೆ. ಹಾರ್ಡನರ್ ಬೆರೆಸುವ ಎರಡು ಭಾಗದ ಬಣ್ಣದಲ್ಲಿ ಐಸೋಸಯನೇಟ್ ಇರುತ್ತದೆ. ಅದು ಆಯುಷ್ಯಪೂರ್ತಿ ಉಬ್ಬಸ ತರಬಲ್ಲದು, ಸಾಮಾನ್ಯ ಮಾಸ್ಕ್ ಅದನ್ನು ನಂಬಿಕೊಳ್ಳುವಷ್ಟು ತಡೆಯಲಾರದು. ಹೊರಗಿನಿಂದ ಶುದ್ಧ ಗಾಳಿ ತರುವ ಮುಖವಾಡ ಇಲ್ಲದಿದ್ದರೆ ಕೊನೆಯ ಬಣ್ಣವನ್ನು ಬೂತ್ ಇರುವವರಿಗೆ ಬಿಡಿ. ಬಣ್ಣ ಒಣಗಿದ ಮೇಲೆ ಪಟ್ಟಿಗಳ, ಬಾಗಿಲುಗಳ ಪೊಳ್ಳಿನೊಳಗೆ ಮೇಣ ಸಿಂಪಡಿಸಿ, ನೀರಿನ ತೂತುಗಳು ಮುಚ್ಚಿಲ್ಲವೆಂದು ನೋಡಿ.

ಮೊದಲ ಓಟ

ಟೈರಿನ ಪಕ್ಕದಲ್ಲಿ ಅಚ್ಚಾದ ಕೊನೆಯ ನಾಲ್ಕಂಕಿ ನೋಡಿ. 2314 ಎಂದಿದ್ದರೆ 2014ರ 23ನೇ ವಾರದ್ದು. ಹತ್ತು ವರ್ಷ ದಾಟಿದ್ದರೆ ಗೀರು ಎಷ್ಟೇ ಆಳವಿದ್ದರೂ ಬದಲಿಸಿ, ಮೂರಂಕಿಯಿದ್ದರೆ ಅದು 2000ಕ್ಕಿಂತ ಹಿಂದಿನದು. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ (ಒಳಗಿನ ದಾರಗಳನ್ನು ಬೇರೆಬೇರೆ ರೀತಿ ಹಾಸಿದ ಎರಡು ಬಗೆಯ ಟೈರು) ಎಂದು ಬೆರೆಸಬಾರದು. ತಿರುವಿನಲ್ಲಿ ಹಿಂಭಾಗ ಜಾರುತ್ತದೆ. ಖಾಲಿ ಜಾಗದಲ್ಲಿ ನಡೆಯುವ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ, ಚಕ್ರಗಳ ಮಧ್ಯಭಾಗದ ಹತ್ತಿರ ಅಂಗೈ ಒಡ್ಡಿ ಯಾವುದು ಹೆಚ್ಚು ಬಿಸಿ ಎಂದು ನೋಡಿ. ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಹೊಸದು ಹಾಕಿದ್ದರೆ, ಸಾಮಾನ್ಯವಾಗಿ ಮೊದಲ ಸಲ ಸ್ಟಾರ್ಟ್ ಆದ ಕೂಡಲೇ 20 ನಿಮಿಷ 2,000 ಆರ್‌ಪಿಎಂ ಆಸುಪಾಸಿನಲ್ಲೇ ಓಡಿಸಬೇಕು. ಐಡಲಿಂಗಿನಲ್ಲಿ ಕ್ಯಾಮಿನ ಉಬ್ಬುಗಳಿಗೆ ಎಣ್ಣೆ ಸಾಲದೆ ಸವೆದುಹೋಗುತ್ತವೆ. ಮೊದಲ 80 ಕಿ.ಮೀ. ಆದ ಮೇಲೆ ಚಕ್ರದ ನಟ್ಟು ಮತ್ತೆ ಬಿಗಿಯಿರಿ, ಬ್ರೇಕ್ ದ್ರವದ ಮಟ್ಟ ನೋಡಿ, ಕಾರಿನ ಕೆಳಗೆ ರಾತ್ರಿ ಒಂದು ಹಳೇ ರಟ್ಟು ಹಾಸಿ ಬೆಳಿಗ್ಗೆ ಯಾವ ಹನಿ ಎಲ್ಲಿ ಬಿದ್ದಿದೆ ಎಂದು ಗುರುತು ಮಾಡಿ.